ಇಲ್ಲದ ಮಂಡಿನೋವು

ರೈಟಪ್ಪ ಎಂಬುದು ಅವನಿಗೆ ಹೆತ್ತವರು ಇಟ್ಟ ಹೆಸರಲ್ಲ. ಜೀವಮಾನವೆಲ್ಲ ಬಸ್ಸಿನ ಫುಟ್‌ಬೋರ್ಡಿನ ಮೇಲೆ ನಿಂತು "ರೈಟ್, ರೈಟ್" ಎಂದು ಕೂಗಿದ್ದಕ್ಕೆ ಸಿಕ್ಕಿದ ಬಿರುದು. ನಿವೃತ್ತಿಯಾದ ಮೇಲೆ ಮನೆಯಲ್ಲಿ ತೆಪ್ಪಗೆ ಕೂರುವ ಜಾಯಮಾನ ಅವನದಾಗಿರಲಿಲ್ಲ. ಅಡುಗೆಮನೆಗೆ ನುಗ್ಗಿ ಡಬ್ಬಿಗಳನ್ನೆಲ್ಲ ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿದ. ಉಪ್ಪು ಯಾವುದು ಸಕ್ಕರೆ ಯಾವುದು ಎಂದು ತಿಳಿಯದೆ ಹೆಂಡತಿ ಕೈಮುಗಿದಳು. "ಮಹರಾಯ್ರೇ, ಚರ್ಚಲ್ಲಿ ಏನಾದ್ರೂ ಕೆಲಸ ಇದ್ರೆ ನೋಡ್ಕೊಳ್ಳಿ. ನಾನು ಬದುಕ್ಕೊಳ್ತೀನಿ."

ಹಾಗೆ ಚರ್ಚಿನ ಬಾಗಿಲು ಅವನ ಪಾಲಿಗೆ ಬಂತು. ಬಂದವರಿಗೆ ಹಾಡಿನ ಪುಸ್ತಕ ಕೊಡುವುದು, ಖಾಲಿ ಬೆಂಚು ತೋರಿಸುವುದು, ಇಷ್ಟೇ ಕೆಲಸ. ಆದರೆ ಬಾಯಿ ಇನ್ನೂ ಬಸ್ಸಿನಿಂದ ಇಳಿದಿರಲಿಲ್ಲ. "ಮುಂದೆ ಹೋಗಿ, ಮುಂದೆ ಖಾಲಿ ಇದೆ, ಬಾಗಿಲಲ್ಲಿ ನೇತಾಡ್ಬೇಡಿ!" ಎಂದರೆ ಜನ ನಗುತ್ತಿದ್ದರು. ಪಾಸ್ಟರ್ ಕೂಡ ಹಾಡಿನ ಪುಸ್ತಕ ಅಡ್ಡ ಹಿಡಿದು ನಗುತ್ತಿದ್ದರು. ಜನ ನಕ್ಕಷ್ಟೂ ಅವನಿಗೆ ಹುರುಪು. ತಾನಿಲ್ಲದಿದ್ದರೆ ಈ ಚರ್ಚಿಗೆ ಕಳೆಯೇ ಇರುವುದಿಲ್ಲ ಎಂದು ಒಳಗೊಳಗೇ ಬೀಗುತ್ತಿದ್ದ.

ಆ ವರ್ಷ ಪ್ರಾಂತ್ಯದ ಸಭಾಮಂಡಳಿಗೆ ತನ್ನ ಭವಿಷ್ಯದ ಚಿಂತೆ ಹತ್ತಿತು. ಎಲ್ಲ ಚರ್ಚುಗಳಲ್ಲೂ ಬೆಂಚು ಜಾಸ್ತಿ, ಜನ ಕಡಿಮೆ. ಮುಂದಿನ ದಾರಿ ಯಾವುದೆಂದು ಸದಸ್ಯರನ್ನೇ ಕೇಳಿ ತಿಳಿಯಲು ಮಂಡಳಿ ಒಂದೊಂದು ಚರ್ಚಿಗೆ ಒಬ್ಬೊಬ್ಬರನ್ನು ಕಳಿಸಿತು. ಇವರ ಚರ್ಚಿಗೆ ಬಂದವರು ಒಬ್ಬ ಟೀಚರಮ್ಮ. ಸಣ್ಣ ಆಳು, ಸಣ್ಣ ದನಿ, ಆದರೆ ಎದುರಿಗಿದ್ದವರು ತಾವಾಗಿಯೇ ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದರು.

"ಇಲ್ಲಿ ಕೂತಿರೋರನ್ನ ಕೇಳಿದ್ರೆ ಎಲ್ಲ ಚೆನ್ನಾಗಿದೆ ಅಂತೀರಿ," ಎಂದರು ಟೀಚರಮ್ಮ. "ಬರೋದು ಬಿಟ್ಟಿದಾರಲ್ಲ, ಅವರನ್ನ ಕೇಳ್ಕೊಂಡು ಬನ್ನಿ. ಒಬ್ಬೊಬ್ಬರು ಒಂದೊಂದು ಮನೆಗೆ ಹೋಗಿ. ಯಾಕೆ ಬಿಟ್ರಿ ಅಂತ ಕೇಳಿ. ಅವರಂದಿದ್ದನ್ನ ಅವರ ಮಾತಲ್ಲೇ ಬರೋ ಭಾನುವಾರ ಇಲ್ಲಿ ಹೇಳಬೇಕು. ಹೆಸರು ಬೇಡ."

ರೈಟಪ್ಪ ಎಲ್ಲರಿಗಿಂತ ಮೊದಲು ಕೈ ಎತ್ತಿ ಡ್ರೈವರನ ಮನೆ ತನಗಿರಲಿ ಎಂದ. ಇಬ್ಬರೂ ಒಂದೇ ಬಸ್ಸಿನಲ್ಲಿ ದುಡಿದು ಮುದುಕರಾದವರು. ಡ್ರೈವರ್ ಚರ್ಚಿಗೆ ಬರುವುದು ನಿಲ್ಲಿಸಿ ಬಹಳ ಕಾಲವಾಗಿತ್ತು. ಕ್ಲಚ್ಚು ತುಳಿದೂ ತುಳಿದೂ ಮಂಡಿ ಸವೆದಿರಬೇಕು, ಚರ್ಚಿನ ಮೆಟ್ಟಿಲು ಹತ್ತಲಾಗದೇನೋ ಎಂದು ರೈಟಪ್ಪ ತನಗೆ ತಾನೇ ತೀರ್ಮಾನಿಸಿಕೊಂಡಿದ್ದ. ಹೋಗಿ ಕೇಳಬೇಕು ಎಂದುಕೊಂಡದ್ದೇ ಬಂತು, ಹೋಗಿರಲಿಲ್ಲ.

ಹೋದಾಗ ಡ್ರೈವರ್ ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತು ಮೊಮ್ಮಗಳ ಸೈಕಲ್ಲಿಗೆ ಚೈನು ಹಾಕುತ್ತಿದ್ದ.

"ಮಂಡಿ ಹೇಗಿದೆಯೋ?"

"ಮಂಡಿಗೇನಾಗಿದೆ?" ಡ್ರೈವರ್ ಸಲೀಸಾಗಿ ಎದ್ದು ನಿಂತು ಪಾನಾ ತೆಗೆದುಕೊಂಡು ಮತ್ತೆ ಕೂತ.

"ಮತ್ತೆ ಚರ್ಚಿಗ್ಯಾಕೋ ಬರ್ತಿಲ್ಲ?"

ಡ್ರೈವರ್ ಅವನ ಮುಖವನ್ನೇ ನೋಡಿದ. "ನಿಜವಾಗ್ಲೂ ಗೊತ್ತಿಲ್ವಾ ನಿಂಗೆ?"

ಗೊತ್ತಿರಲಿಲ್ಲ. ಡ್ರೈವರ್ ದನಿ ಏರಿಸದೆ ಹೇಳಿದ. "ನನ್ನ ಮಗಳು ಗಂಡನ ಮನೆ ಬಿಟ್ಟು ಬಂದ ಹೊಸತು. ರೂಮಿಂದಾನೇ ಹೊರಗೆ ಬರ್ತಿರಲಿಲ್ಲ. ಕಾಡಿ ಬೇಡಿ ಚರ್ಚಿಗೆ ಕರ್ಕೊಂಡು ಬಂದೆ. ಮಗು ಎತ್ಕೊಂಡು ಮುಂದಿನ ಬೆಂಚಲ್ಲಿ ಕೂತ್ಳು. ನೀನು ಬಾಗಿಲಿಂದ ಕೂಗಿದೆ. 'ಮುಂದಿಂದೆಲ್ಲ ಜೋಡಿ ಸೀಟು, ಒಂಟಿ ಟಿಕೆಟ್ ಹಿಂದಕ್ಕೆ!' ಅಂದೆ. ಎಲ್ಲರೂ ಹೋ ಅಂತ ನಕ್ರು. ಅವಳು ಎದ್ದು ಹಿಂದಕ್ಕೆ ನಡೆದ್ಳು. ಹಿಂದಿನ ಬೆಂಚಲ್ಲೂ ಕೂರದೆ ಸೀದಾ ಮನೆಗೆ ಹೋದ್ಳು. ಅವಳು ಬರದಿರೋ ಜಾಗಕ್ಕೆ ನಾನು ಹೇಗೋ ಬರಲಿ?"

ರೈಟಪ್ಪನಿಗೆ ಅಂಥದೊಂದು ಭಾನುವಾರದ ನೆನಪೇ ಇರಲಿಲ್ಲ. ದಾರಿಯುದ್ದಕ್ಕೂ ತಲೆ ಕೆರೆದುಕೊಂಡ. ಮಾತು ತನ್ನದೇ, ಅನುಮಾನವಿಲ್ಲ. ಒಂಟಿ ಟಿಕೆಟ್ಟಿನ ಜೋಕನ್ನು ಎಷ್ಟೋ ಸಲ ಹೊಡೆದಿದ್ದ. ಆ ಹುಡುಗಿ ತವರಿಗೆ ಬಂದು ಕೂತಿರುವುದೂ ಆಗ ಅವನಿಗೆ ತಿಳಿದಿತ್ತು, ಇಡೀ ಚರ್ಚಿಗೇ ತಿಳಿದಿತ್ತು. ಬಾಯಿತಪ್ಪಿ ಆಡಿದೆ, ಆಮೇಲೆ ಕೊರಗಿದೆ ಎನ್ನಲಾದರೂ ಒಂದು ನೆನಪು ಬೇಡವೇ? ಒಂದು ಮನೆಯವರನ್ನೆಲ್ಲ ಆಚೆ ಅಟ್ಟಿ, ಊಟ ಮಾಡಿ, ಆ ಮಧ್ಯಾಹ್ನ ಗೊರಕೆ ಹೊಡೆದಿರಬೇಕು. ಅದೇ ಅವನಿಗೆ ಅಸಹ್ಯವಾಯಿತು. ಮನೆಗೆ ಬಂದು ಹೆಂಡತಿಗೆ ಏನೂ ಹೇಳಲಿಲ್ಲ.

ಭಾನುವಾರ ಒಬ್ಬೊಬ್ಬರೇ ಎದ್ದು ತಾವು ಕೇಳಿಬಂದ ಮಾತು ಹೇಳಿದರು. ಪಾಸ್ಟರ್ ಮಾಡುವ ಪ್ರಸಂಗ ಉದ್ದವಾಯಿತಂತೆ. ಮೈಕು ಕಿರುಗುಟ್ಟುತ್ತದಂತೆ. ಯಾರೂ ಮಾತಾಡಿಸುವುದಿಲ್ಲವಂತೆ. ರೈಟಪ್ಪನ ಸರದಿ ಬಂತು. ಹೆಸರು ಹೇಳಬೇಕಾಗಿಲ್ಲ, ನಿಜ. ಆದರೆ ಒಂಟಿ ಟಿಕೆಟ್ ಎಂದರೆ ಸಾಕು, ಯಾರ ಬಾಯಿ ಎಂದು ಎಳೆಮಕ್ಕಳಿಗೂ ಗೊತ್ತಾಗುತ್ತಿತ್ತು. ಎರಡನೇ ಸಾಲಿನಲ್ಲಿ ಹೆಂಡತಿ ಇವನನ್ನೇ ನೋಡುತ್ತಿದ್ದಳು.

"ಮಂಡಿನೋವಂತೆ," ಎಂದ. "ಮೆಟ್ಟಿಲು ಹತ್ತಕ್ಕಾಗಲ್ವಂತೆ."

ಟೀಚರಮ್ಮನ ಕಣ್ಣು ತುಂಬಿತು. "ನೋಡಿ, ಎಷ್ಟು ಚಿಕ್ಕ ವಿಷಯ! ನಮಗೆ ಹೊಳೀಲೇ ಇಲ್ಲ." ಗಾರೆ ಮೇಸ್ತ್ರಿ ಒಬ್ಬ ಕೂತಲ್ಲಿಂದಲೇ, ಮೆಟ್ಟಿಲ ಪಕ್ಕ ಇಳಿಜಾರು ದಾರಿ ನಾನೇ ಕಟ್ಟಿಕೊಡ್ತೀನಿ ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ಮಂಡಳಿ ಕೇಳಿದ ಪ್ರಶ್ನೆಗೆ ಸಿಕ್ಕ ಮೊದಲ ಒಳ್ಳೆಯ ಫಲ ಇದು ಎಂದು ಪಾಸ್ಟರ್ ಹೊಗಳಿದರು. ಹೊಗಳಿಕೆಯೆಂದರೆ ಅರಳುತ್ತಿದ್ದ ರೈಟಪ್ಪ ಅವತ್ತು ಮುಳ್ಳಿನ ಮೇಲೆ ಕೂತ ಹಾಗೆ ಕೂತಿದ್ದ.

"ಈಗ ನೀವು ಕೇಳ್ಕೊಂಡು ಬಂದ ಮನೆಗೇ ವಾಪಸ್ ಹೋಗಿ, ನಾವೇನು ತೀರ್ಮಾನ ಮಾಡಿದ್ವಿ ಅಂತ ತಿಳಿಸಿ," ಎಂದರು ಟೀಚರಮ್ಮ. "ಬರೀ ಕೇಳಿ ಸುಮ್ಮನಾಗಬಾರದು."

ಚರ್ಚಿನ ಮುಂದೆ ಮರಳು ಬಂದು ಬಿದ್ದ ಮೇಲೆ ಅವನಿಗೆ ಹೋಗದೆ ಗತಿಯಿರಲಿಲ್ಲ. ಡ್ರೈವರ್ ಮನೆಯಲ್ಲಿರಲಿಲ್ಲ. ಮಗಳು ಆಸ್ಪತ್ರೆಯ ಲ್ಯಾಬಿನ ಕೆಲಸ ಮುಗಿಸಿ ಬಂದು ಅಡುಗೆಮನೆಯಲ್ಲಿ ಹುರುಳಿಕಾಯಿ ಹೆಚ್ಚುತ್ತಿದ್ದಳು. "ಬನ್ನಿ ಮಾಮ," ಎಂದು ಸ್ಟೂಲು ತಳ್ಳಿದಳು. ಆ ಮರ್ಯಾದೆಗೆ ಅವನು ಇನ್ನಷ್ಟು ಕುಗ್ಗಿಹೋದ. ಕೂರದೆ, ನಿಂತೇ ಎಲ್ಲವನ್ನೂ ಒದರಿದ. ಮಂಡಿನೋವು ಎಂದದ್ದು, ಚಪ್ಪಾಳೆ ಬಿದ್ದದ್ದು, ಇಳಿಜಾರಿಗೆ ಮರಳು ತಂದದ್ದು.

"ಅಪ್ಪನಿಗಾ ಮಂಡಿನೋವು?" ಅವಳಿಗೆ ನಗು ತಡೆಯಲಾಗಲಿಲ್ಲ. ಆಮೇಲೆ ಮತ್ತೆ ಹುರುಳಿಕಾಯಿ ಹೆಚ್ಚತೊಡಗಿದಳು.

"ತಪ್ಪಾಯ್ತಮ್ಮ. ನಂಗೆ ಆ ದಿನ ನೆನಪೂ ಇಲ್ಲ."

"ನಂಗಿದೆ," ಎಂದಳು. ನಂತರ ಕತ್ತೆತ್ತಿ, ಸಿಟ್ಟಿಲ್ಲದೆ ಕೇಳಿದಳು. "ಅಂದಿದ್ದು ಎಲ್ಲರೆದುರಿಗೆ. ತಪ್ಪಾಯ್ತು ಅನ್ನೋದು ಮಾತ್ರ ಅಡುಗೆಮನೇಲಾ, ಮಾಮ?"

ರೈಟಪ್ಪ ಚಪ್ಪಲಿ ಹುಡುಕಿಕೊಂಡು ಹೊರಬಂದ. ಅಂಗಳದಲ್ಲಿ ಸೈಕಲ್ ತುಳಿಯುತ್ತಿದ್ದ ಮೊಮ್ಮಗಳು ಕೈಬೀಸಿದಳು. ತಿರುಗಿ ಕೈಬೀಸಲು ಅವನಿಗೆ ಮುಖವಿರಲಿಲ್ಲ.

ಮುಂದಿನ ಭಾನುವಾರ ಆರಾಧನೆ ಮುಗಿದು ಟೀಚರಮ್ಮ ಮಾತು ಶುರುಮಾಡುವ ಮೊದಲೇ ಅವನು ಮುಂದೆ ಹೋಗಿ ನಿಂತ. ಮಂಡಿನೋವು ಸುಳ್ಳು ಎಂದ. ಅವರು ಬಿಟ್ಟದ್ದು ನನ್ನ ಬಾಯಿಗೆ ಹೆದರಿ, ನನಗೆ ಆ ದಿನದ ನೆನಪೂ ಇಲ್ಲ ಎಂದ. ಬಾಗಿಲಲ್ಲಿ ನಿಂತು ಆಡಿದ ಮಾತನ್ನು, ಒಂದಕ್ಷರ ನುಂಗದೆ, ಹೇಗೆ ಕೂಗಿದ್ದನೋ ಹಾಗೇ ಹೇಳಿದ. ಯಾರೂ ನಗಲಿಲ್ಲ. ಅದೇ ಜೋಕು, ಅದೇ ಜನ. ಪಾಸ್ಟರ್ ಕನ್ನಡಕ ತೆಗೆದು ಒರೆಸುತ್ತ ಕೂತರು. ಇಳಿಜಾರು ಕಟ್ಟಬೇಕೋ ಬೇಡವೋ ತಿಳಿಯದೆ ಮೇಸ್ತ್ರಿ ಪಕ್ಕದವರ ಮುಖ ನೋಡಿದ. ಇಷ್ಟು ಜನರಲ್ಲಿ ಒಬ್ಬರಾದರೂ "ಹೋಗ್ಲಿ ಬಿಡಿ" ಎನ್ನುತ್ತಾರೇನೋ ಎಂದು ರೈಟಪ್ಪ ಕಾದ. ಯಾರೂ ಎನ್ನಲಿಲ್ಲ. ಭೂಮಿ ಬಾಯಿಬಿಡಬಾರದೇ ಎನಿಸಿತು.

ಟೀಚರಮ್ಮ ಕೇಳಿದರು. "ಇವತ್ತು ಇಲ್ಲಿ ಇಷ್ಟು ಮಾತಾಯ್ತು ಅಂತ ಆ ಮನೆಗೆ ಹೋಗಿ ಹೇಳಬೇಕಲ್ಲ. ಯಾರು ಹೋಗ್ತೀರಿ?"

ಎಲ್ಲರೂ ನೆಲ ನೋಡುತ್ತಿದ್ದರು. ಎರಡನೇ ಸಾಲಿನಲ್ಲಿ ಅವನ ಹೆಂಡತಿ ಎದ್ದು ನಿಂತಳು.

"ನಾನು ಹೋಗ್ತೀನಿ," ಎಂದಳು. "ನಮ್ಮನೆಯವರಿಗೆ ನೆನಪಿಲ್ಲ. ನಂಗೆ ಆ ದಿನ ಚೆನ್ನಾಗಿ ನೆನಪಿದೆ. ನಾನೂ ನಕ್ಕಿದ್ದೆ."