ಮೇಷ್ಟ್ರ ಅಂಗಿಗೆ ಹೊಲಿದ ಮೈಕು

ದರ್ಜಿಗೆ ಐವತ್ತೆಂಟು ವರ್ಷ. ಮದುವೆಯಾಗಿರಲಿಲ್ಲ, ಹೆಂಡತಿ ಮಕ್ಕಳು ಓಡಾಡಬೇಕಾಗಿದ್ದ ತಾರಸಿಯಲ್ಲಿ ತರಕಾರಿ ಕುಂಡಗಳು ಮೈಚಾಚಿಕೊಂಡಿದ್ದವು. ಅವನು ಹೆದರುತ್ತಿದ್ದದ್ದು ಲೋಕದಲ್ಲಿ ಒಬ್ಬಳಿಗೇ, ಅಕ್ಕನಿಗೆ.

ಭಾನುವಾರ ಬೆಳಿಗ್ಗೆ ಗ್ರಂಥಾಲಯದ ಮೇಲಿನ ಕೋಣೆಯಲ್ಲಿ ತಾರಸಿ ತೋಟದವರ ಕೂಟ. ಹನ್ನೆರಡು ಜನ ಸೇರುತ್ತಿದ್ದರು. ಬರಲಾಗದವರಿಗೆಂದು ಫೋನೊಂದನ್ನು ಕಪಾಟಿಗೆ ಆನಿಸಿಟ್ಟು ನೇರಪ್ರಸಾರ ಮಾಡುತ್ತಿದ್ದರು. ಕಾಲು ಮುರಿದು ಮಂಚ ಹಿಡಿದ ಅಕ್ಕ ಅದನ್ನು ಮೊದಲ ಸಲ ನೋಡಿ ತಮ್ಮನಿಗೆ ಫೋನ್ ಮಾಡಿದಳು.

"ಏನೋ ಅದು, ಎಲ್ಲರೂ ಡ್ರಮ್ಮೊಳಗೆ ಕೂತಿದ್ದೀರಾ? ಫ್ಯಾನ್ ಸದ್ದು ಪೂರ್ತಿ ಕೇಳಿಸ್ತು. ಯಾರೋ ಬಿಸ್ಕತ್ತು ತಿಂದದ್ದೂ ಕೇಳಿಸ್ತು. ಗೊಬ್ಬರದ ವಿಷಯ ಒಂದಕ್ಷರ ಕೇಳಿಸ್ಲಿಲ್ಲ."

"ಬಿಸ್ಕತ್ತು ನಾನೇ ತಿಂದದ್ದು ಅಕ್ಕ."

"ಗೊತ್ತು. ಹಾಗೆ ತಿನ್ನೋನು ನಮ್ಮ ವಂಶದಲ್ಲಿ ನೀನೊಬ್ಬನೇ."

ಮುಂದಿನ ಭಾನುವಾರ ದರ್ಜಿ ಟೊಂಕ ಕಟ್ಟಿ ನಿಂತ. ಫ್ಯಾನ್ ಆರಿಸಿದ. ಕುರ್ಚಿಗಳ ಕಾಲಿಗೆ ಚಿಂದಿಯ ಟೊಪ್ಪಿ ತೊಡಿಸಿದ. ಬರಿಗೋಡೆಗೆ ಬಡಿದು ದನಿ ವಾಪಸ್ ಬರದಿರಲೆಂದು ಕೋಟಿನ ದಪ್ಪ ಬಟ್ಟೆ ಇಳಿಬಿಟ್ಟ. ವೈರಿಲ್ಲದ ಎರಡು ಪುಟ್ಟ ಮೈಕು ತಂದಿದ್ದ: ಒಂದು ಮಾತಾಡುವವರ ಎದೆಗೆ, ಇನ್ನೊಂದು ಪ್ರಶ್ನೆ ಕೇಳುವವರ ಕೈಗೆ.

ಅಂದು ಮಾತಾಡಬೇಕಿದ್ದವರು ಕೂಟದ ಅಧ್ಯಕ್ಷರು, ನಿವೃತ್ತ ಗಣಿತದ ಮೇಷ್ಟ್ರು. ಕಳೆದ ಎರಡು ವರ್ಷವೂ ಕೂಟದ ಸ್ಪರ್ಧೆಯಲ್ಲಿ ದೊಡ್ಡ ಕುಂಬಳಕಾಯಿಯ ಬಹುಮಾನ ಅವರದೇ.

"ಮೂವತ್ತೈದು ವರ್ಷ ಮೈಕಿಲ್ಲದೆ ಪಾಠ ಮಾಡಿದೀನಿ ಕಣಯ್ಯಾ. ಕೊನೇ ಬೆಂಚಿಗೂ ಕೇಳಿಸ್ತಿತ್ತು."

"ನಮ್ಮಕ್ಕ ಕೊನೇ ಬೆಂಚಿಗಿಂತ ನಾಲ್ಕು ಬೀದಿ ಆಚೆ ಇದ್ದಾಳೆ ಸರ್."

ಮೈಕು ಸಿಕ್ಕಿಸಿ, ಹೆಡ್‌ಫೋನ್ ಹಾಕಿಕೊಂಡು ಕೇಳಿದರೆ ಮೇಷ್ಟ್ರ ಗಂಜಿ ಹಾಕಿದ ಅಂಗಿ ತರಗೆಲೆ ತುಳಿದಂತೆ ಸದ್ದು ಮಾಡುತ್ತಿತ್ತು. ದರ್ಜಿ ಗಲ್ಲದಿಂದ ಗೇಣು ಕೆಳಗೆ, ಒಂದು ತುಂಡು ಉಣ್ಣೆಬಟ್ಟೆಯ ಮೇಲೆ ಮೈಕಿಟ್ಟು, ಗುಂಡಿಪಟ್ಟಿಗೇ ನಾಲ್ಕು ಹೊಲಿಗೆ ಹಾಕಿಬಿಟ್ಟ. ಸದ್ದು ನಿಂತಿತು. "ಈಗ ನೋಡು, ಕಿವಿಯಲ್ಲೇ ಕೂತು ಹೇಳಿದ ಹಾಗಿದೆ," ಎಂದು ಅಕ್ಕ ಸಂದೇಶ ಕಳಿಸಿದಳು.

ಚಹಾದ ಹೊತ್ತಿಗೆ ಮೇಷ್ಟ್ರು ಮೈಕಿನ ಸಮೇತ ಹೊರಗಿನ ಮೊಗಸಾಲೆಗೆ ಹೋದರು. ಅಲ್ಲಿ ಗ್ರಂಥಪಾಲಕನಿಗೆ ತಗ್ಗಿದ ದನಿಯಲ್ಲಿ ಹೇಳಿದ್ದು ದರ್ಜಿಯ ಕಿವಿಗೆ ಸ್ಪಷ್ಟವಾಗಿ ಬಿತ್ತು: "ಎರಡು ಸಲವೂ ಕುಂಬಳಕಾಯಿ ಮಾರ್ಕೆಟ್ಟಿಂದಲೇ ತಂದದ್ದು ಮಾರಾಯ."

ನೇರಪ್ರಸಾರಕ್ಕೆ ಹೋಗುತ್ತಿದ್ದ ದನಿ ನಿಲ್ಲಿಸುವ ಬಟನ್ ದರ್ಜಿಯ ಬೆರಳಡಿಯೇ ಇತ್ತು. ಬೆರಳು ಅಲ್ಲಾಡಲಿಲ್ಲ. ಪರದೆಯ ಮೇಲೆ ಅಕ್ಕನ ಪ್ರಶ್ನೆ ಮೂಡಿತು: "ಯಾವ ಅಂಗಡಿ?"

ಮೇಷ್ಟ್ರು ಎರಡು ಭಾನುವಾರ ಬರಲಿಲ್ಲ. ಮೂರನೆಯ ವಾರ ದರ್ಜಿ ಅವರ ನಾಲ್ಕನೇ ಮಹಡಿಯ ಮನೆಗೆ ಏದುಸಿರು ಬಿಡುತ್ತ ಹತ್ತಿದ.

"ನಾನು ನಿಲ್ಲಿಸಬಹುದಿತ್ತು ಸರ್. ನಿಲ್ಲಿಸಲಿಲ್ಲ."

"ಯಾಕೆ?"

"ಎರಡು ವರ್ಷವೂ ಎರಡನೇ ಬಹುಮಾನ ನಂದು."

ಮೇಷ್ಟ್ರು ಅವನನ್ನು ದಿಟ್ಟಿಸಿ ನೋಡಿದರು. ಬಯ್ಯಲಿಲ್ಲ, ತಾರಸಿಗೆ ಕರೆದೊಯ್ದರು. ಅಲ್ಲಿ ಕುಂಬಳದ ಬಳ್ಳಿ ಸೊಂಪಾಗಿ ಹಬ್ಬಿತ್ತು, ಕಾಯಿ ಮಾತ್ರ ಒಂದೂ ಇರಲಿಲ್ಲ. "ಇದೆಲ್ಲ ನನ್ನ ಹೆಂಡತಿ ನೋಡ್ಕೊಳ್ತಿದ್ದಳು. ಅವಳು ಹೋದ ಮೇಲೆ ಹೂವೆಲ್ಲ ಉದುರಿ ಹೋಗ್ತವೆ. ಒಂದೂ ಬರ್ಲಿಲ್ಲ ಅಂತ ಜನರ ಮುಂದೆ ಹೇಳೋಕೆ ನಾಚಿಕೆ ಆಯ್ತು."

"ಇಷ್ಟು ಎತ್ತರಕ್ಕೆ ಜೇನು ಬರಲ್ಲ ಸರ್. ಗಂಡು ಹೂ ಕಿತ್ತು ಹೆಣ್ಣು ಹೂವಿಗೆ ನೀವೇ ಮುಟ್ಟಿಸ್ಬೇಕು."

"ಈ ವಯಸ್ಸಲ್ಲಿ ಇದೊಂದು ದಲ್ಲಾಳಿ ಕೆಲಸ ಬಾಕಿ ಇತ್ತು," ಎಂದ ಮೇಷ್ಟ್ರು ಬಗ್ಗಿ ಹೂ ಕಿತ್ತರು.

ಮರುವಾರ ಕೂಟಕ್ಕೆ ಬಂದು, ತಾವೇ ಎದೆಯೊಡ್ಡಿ ಮೈಕು ಹೊಲಿಸಿಕೊಂಡು, ಉದುರಿದ ಹೂಗಳ ಕಥೆಯನ್ನೂ ಮಾರ್ಕೆಟ್ಟಿನ ಕಥೆಯನ್ನೂ ಮುಕ್ಕಾಲು ಗಂಟೆ ಹೇಳಿದರು. ಮನೆಗಳಲ್ಲಿ ಕೂತಿದ್ದ ಅರವತ್ತು ಜನ ಕೊನೆಯವರೆಗೂ ಕೇಳಿದರು. ಮೇಷ್ಟ್ರು ಗೆದ್ದಿದ್ದ ಬಹುಮಾನದ ಎರಡು ಬಟ್ಟಲೂ ದರ್ಜಿಗೆ ಬಂದವು. ತನಗೆ ಅದರ ಯೋಗ್ಯತೆ ಇಲ್ಲವೆಂದು ಅವನು ಎರಡು ದಿನ ಕೊರಗಿದ. ಮೂರನೇ ದಿನ ಒರೆಸಿ ಅಂಗಡಿಯ ಗಾಜಿನ ಹಿಂದೆ ಇಟ್ಟ.