ನಮ್ಮವರ ಕಾರಿಗೆ ಅಳತೆ ತೆಗೆದದ್ದು

ಅಫಜಲಪುರದಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಇದೆ. ಹೆಣ್ಣುಮಕ್ಕಳ ಬಟ್ಟೆ ಮಾತ್ರ ಹೊಲಿಯುತ್ತೇನೆ, ಅದರಲ್ಲೂ ಹೆಚ್ಚಾಗಿ ಜಂಪರು, ಅಂದರೆ ಸೀರೆಯ ರವಿಕೆ. ನಮ್ಮವರದು ತೊಗರಿ ವ್ಯಾಪಾರ. ಕೆಲವು ವರ್ಷಗಳ ಹಿಂದೆ ಒಂದು ದಿನ ತೊಗರಿ ಲಾರಿಯ ಜೊತೆ ಸೊಲ್ಲಾಪುರಕ್ಕೆ ಹೋದವರು ಸಂಜೆ ನೀಲಿ ಬಣ್ಣದ ಸ್ಪೋರ್ಟ್ಸ್ ಕಾರೊಂದನ್ನು ತಾವೇ ಓಡಿಸಿಕೊಂಡು ಬಂದರು. ಎರಡೇ ಬಾಗಿಲು, ಎರಡೇ ಸೀಟು. ಯಾರೋ ಒಬ್ಬರು ಬಳಸಿ ಬಿಟ್ಟದ್ದು. ನೆಲಕ್ಕೆ ಎಷ್ಟು ಹತ್ತಿರವಿತ್ತೆಂದರೆ ಒಳಗೆ ಕೂರಬೇಕಾದರೆ ಮೊದಲು ಕುಕ್ಕರುಗಾಲಿನಲ್ಲಿ ಕೂತು ಆಮೇಲೆ ಜಾರಬೇಕು. ನಮ್ಮತ್ತೆ ಅದನ್ನು ಒಂದು ಸುತ್ತು ನೋಡಿ, ಮೂರನೆಯವರು ಎಲ್ಲಿ ಕೂರಬೇಕೆಂದು ಕೇಳಿದರು. ಉತ್ತರ ಬರುವ ಮೊದಲೇ ತಾವೇ ಒಳಗೆ ಜಾರಿ ಕೂತು, ಊರು ಒಂದು ಸುತ್ತು ಹಾಕಿಸು ಅಂದರು. ಮರಳಿ ಬಂದ ಮೇಲೆ ಅವರನ್ನು ಎತ್ತಲು ನಾವಿಬ್ಬರೂ ಬೇಕಾಯಿತು. ಆದರೂ ಅವರ ಮುಖದ ನಗು ಇಳಿದಿರಲಿಲ್ಲ.

ನಮ್ಮವರ ವಯಸ್ಸು ಆಗ ಐವತ್ತೆರಡು. ಇಂಥ ಆಸೆ ಅವರೊಳಗೆ ಇತ್ತೆಂಬುದು ಇಪ್ಪತ್ತೇಳು ವರ್ಷ ಜೊತೆಗೆ ಬಾಳಿದ ನನಗೂ ಗೊತ್ತಿರಲಿಲ್ಲ. ಒಂದು ವಾರ ಬೆಳಿಗ್ಗೆ ಎದ್ದ ಕೂಡಲೇ ಚಹಾಕ್ಕೂ ಮೊದಲು ಹೊರಗೆ ಹೋಗಿ ಕಾರನ್ನು ಒರೆಸಿದರು. ಆಮೇಲೆ ಮಾರ್ಕೆಟ್ಟಿನ ಒಬ್ಬ ವ್ಯಾಪಾರಿ ಒಂದು ಮಾತು ಹೇಳಿದ. ಗಾಡಿ ಚೆನ್ನಾಗಿದೆ, ಆದರೆ ಹಿಂದಿನ ಗಾಲಿಗಳು ಒಳಗೆ ಸೇರಿಕೊಂಡಿವೆ, ಅಣ್ಣನ ಅಂಗಿ ತೊಟ್ಟ ತಮ್ಮನ ಹಾಗೆ ಕಾಣುತ್ತದೆ ಅಂತ. ಅಲ್ಲಿಂದ ಕಾರು ಒರೆಸುವುದು ನಿಂತಿತು. ಹಿಂದೆ ನಿಂತು ಗಾಲಿ ನೋಡುವುದು ಶುರುವಾಯಿತು.

ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ ಸ್ಪೇಸರ್ ಎಂಬ ಶಬ್ದ ಕಲಿತರು. ಗಾಲಿಗೂ ಅದು ಕೂರುವ ಹಬ್ಬಿಗೂ ನಡುವೆ ಇಡುವ ಲೋಹದ ದುಂಡು ತಟ್ಟೆ ಅದು. ತಟ್ಟೆ ಎಷ್ಟು ದಪ್ಪವೋ ಗಾಲಿ ಅಷ್ಟು ಹೊರಗೆ ಬರುತ್ತದೆ. ಯಾವ ದಪ್ಪದ್ದು ಬೇಕು ಎಂದು ನಾನು ಕೇಳಿದೆ. ಇಪ್ಪತ್ತೈದು ಮಿಲಿಮೀಟರಿನದು ಎಲ್ಲಕ್ಕಿಂತ ಚೆಂದ ಕಾಣುತ್ತದೆ ಅಂದರು. ಅಳತೆ ತೆಗೆದಿರಾ ಅಂದೆ.

“ಜಂಪರಿನ ಲೆಕ್ಕ ಕಾರಿಗೆ ಬರಂಗಿಲ್ಲ,” ಅಂದರು.

ಮೊಬೈಲಿನಲ್ಲೇ ಆರ್ಡರ್ ಮಾಡಿದರು. ತಟ್ಟೆಗಳ ಜೊತೆ ಉದ್ದದ ಬೋಲ್ಟುಗಳೂ ಇದ್ದ ಪಾರ್ಸಲ್ ಬಂತು. ಊರಿನ ಗ್ಯಾರೇಜಿನವನಿಗೆ ಅನುಮಾನವಿತ್ತು, ಆದರೆ ಇವರ ಒತ್ತಾಯಕ್ಕೆ ಹಿಂದಿನ ಎರಡೂ ಗಾಲಿಗೆ ಹಾಕಿಕೊಟ್ಟ. ನಿಂತ ಕಾರು ನಿಜಕ್ಕೂ ಚೆನ್ನಾಗಿ ಕಾಣುತ್ತಿತ್ತು. ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಅದೇ ವಾರ ಜೇವರ್ಗಿಯ ನನ್ನ ತವರಿನಲ್ಲಿ ಅಣ್ಣನ ಮೊಮ್ಮಗಳ ನಾಮಕರಣವಿತ್ತು. ಹೊಸ ಸೀರೆ ಉಟ್ಟು, ಮಗುವಿನ ತಲೆಗೆಂದು ನಾನೇ ಹೊಲಿದ ಕುಲಾಯಿ ತೊಡೆಯ ಮೇಲೆ ಇಟ್ಟುಕೊಂಡು ಹೊರಟೆ. ಕಾರಿನ ವೇಗ ಏರಿದಂತೆ ನನ್ನ ಸೀಟಿನ ಕೆಳಗೆ ಯಾರೋ ಹೊಲಿಗೆ ಯಂತ್ರ ತುಳಿಯುತ್ತಿರುವಂತೆ ನಡುಕ ಶುರುವಾಯಿತು. ಅವರಿಗೆ ಹೇಳಿದೆ. ರಸ್ತೆ ಸರಿಯಿಲ್ಲ ಅಂದರು. ಚೌಡಾಪುರದ ಹತ್ತಿರ ಸ್ಪೀಡ್ ಬ್ರೇಕರ್ ಹತ್ತಿ ಇಳಿದಾಗ ಹಿಂದಿನಿಂದ ಹಳೆಯ ಬಟ್ಟೆ ಸೀಳಿದಂತೆ ಖರ್ರನೆ ಸದ್ದು ಬಂತು. ಮುಂದಿನ ಬ್ರೇಕರಿನಲ್ಲೂ ಅದೇ. ಆಗ ಅವರೇ ಗಾಡಿ ಪಕ್ಕಕ್ಕೆ ಹಾಕಿದರು.

ಇಳಿದು ಗಾಲಿಯ ಮೇಲಿನ ತಗಡಿನ ಅಂಚಿನ ಒಳಗೆ ಬೆರಳಾಡಿಸಿದೆ. ಕಪ್ಪು ರಬ್ಬರಿನ ಚೂರುಗಳು ಕೈಗೆ ಬಂದವು. ಟೈರಿನ ಸುತ್ತ ಒಂದು ಗೆರೆ ಸವೆದುಹೋಗಿತ್ತು. ನಮ್ಮವರು ಅದನ್ನು ನೋಡಿದರು, ನನ್ನ ಮುಖ ನೋಡಲಿಲ್ಲ. ಅಲ್ಲಿಂದ ಎತ್ತಿನ ಗಾಡಿಯ ವೇಗದಲ್ಲಿ ಹೋದೆವು. ಜೇವರ್ಗಿ ಮುಟ್ಟುವ ಹೊತ್ತಿಗೆ ಮಗುವಿಗೆ ಹೆಸರಿಟ್ಟು, ತೊಟ್ಟಿಲು ತೂಗಿ, ಎಲ್ಲರ ಊಟವೂ ಆಗಿತ್ತು. ನಮ್ಮ ಪಾಲಿನ ಹೋಳಿಗೆ ಮುಚ್ಚಿಟ್ಟಿದ್ದರು. ತಿನ್ನುತ್ತಾ ನಮ್ಮವರು ಮೆಲ್ಲಗೆ, ಆ ತಟ್ಟೆ ಇವತ್ತೇ ತೆಗೆಸುತ್ತೇನೆ ಅಂದರು. ಅಲ್ಲೇ ತೆಗೆಸಿ, ಡಿಕ್ಕಿಯಲ್ಲಿ ಇಟ್ಟಿದ್ದ ಮೊದಲಿನ ಬೋಲ್ಟು ಹಾಕಿಸಿಕೊಂಡು ಬಂದೆವು. ಆದರೆ ಗಾಲಿ ಮತ್ತೆ ಒಳಗೆ ಸೇರಿತ್ತು, ಅವರೂ ಹಾಗೆಯೇ ಮಂಕಾಗಿ ಕೂತರು. ಎರಡು ದಿನ ಅವರನ್ನು ನೋಡಿ ಕೊನೆಗೆ ನಾನೇ ಹೇಳಿದೆ: ಆಸೆ ತಪ್ಪಲ್ಲ, ಅಳತೆ ತಪ್ಪು. ಸರಿಯಾಗಿ ಅಳೆಯುವವರನ್ನು ಹುಡುಕೋಣ.

ತೊಗರಿಯ ಕೆಲಸಕ್ಕೆ ಆಳಂದಕ್ಕೆ ಹೋಗಿ ಬರುತ್ತಿದ್ದುದರಿಂದ ಅಲ್ಲಿಯ ಒಬ್ಬ ಲೇಥ್ ಕೆಲಸದವರ ಹೆಸರು ಅವರ ಕಿವಿಗೆ ಬಿದ್ದಿತ್ತು. ಅರವತ್ತು ದಾಟಿದ ಸಾಬರು, ಟ್ರ್ಯಾಕ್ಟರಿನ ಹಬ್ಬು, ಬುಶ್ಶು ಕಡೆದು ಕೊಡುವವರು. ಮನೆ ಹಿಂದೆ, ಅಂಗಡಿ ಮುಂದೆ. ನಾವು ಹೋದಾಗ ಕನ್ನಡಕ ಹಣೆಗೇರಿಸಿ ಮೊದಲು ನಮ್ಮ ಹಳೆಯ ತಟ್ಟೆಯನ್ನು ಕೈಗೆತ್ತಿಕೊಂಡರು. ಹಿಂದಿನ ಒಂದು ಗಾಲಿ ಬಿಚ್ಚಿ, ಹಬ್ಬಿನ ನಡುವಿನ ದಿಂಡಿಗೆ ಅದರ ತೂತು ಹಿಡಿದು ನೋಡಿದರು. ಲೊಳ ಲೊಳ ಅಲುಗಿತು. ಗಾಲಿ ನಡುಮಧ್ಯದಲ್ಲಿ ಕೂರದೆ ಬೋಲ್ಟುಗಳ ಮೇಲೆ ಜೋತಿತ್ತು, ನೀವು ಹೇಳಿದ ನಡುಕ ಬಂದದ್ದು ಇದರಿಂದಲೇ ಎಂದು ವಿವರಿಸಿದರು. ತೂತು ಹಬ್ಬಿಗೆ ಬಿಗಿಯಾಗಿ ಕೂರಬೇಕು. ತಟ್ಟೆಯ ಹೊರಮೈಯಲ್ಲೂ ಅಂಥದೇ ದಿಂಡು ಇರಬೇಕು, ಗಾಲಿ ಅದರ ಮೇಲೆ ಕೂರಬೇಕು. ಅದು ತಮ್ಮ ಕೆಲಸ, ಆದರೆ ದಪ್ಪ ಎಷ್ಟು ಎಂಬುದನ್ನು ಕಾರೇ ಹೇಳಬೇಕು ಅಂದರು. ನಮ್ಮವರು ಚೆಂದ ಕಾಣುವಷ್ಟು ಅಂದಾಗ, “ಚಂದ ಆಮ್ಯಾಲ ನೋಡೂಣ್ರಿ, ಪೈಲೇ ಜಾಗಾ ನೋಡೂಣು,” ಅಂದರು.

ಗಾಲಿ ಮತ್ತೆ ಹಾಕಿ, ತಗಡಿನ ಅಂಚಿನಿಂದ ಒಂದು ದಾರಕ್ಕೆ ನಟ್ಟು ಕಟ್ಟಿ ಇಳಿಬಿಟ್ಟು, ಟೈರಿಗೂ ದಾರಕ್ಕೂ ನಡುವೆ ಅಳೆದರು. ಇಪ್ಪತ್ತು ಮಿಲಿಮೀಟರ್ ಬಂತು. ನಮ್ಮವರ ಮುಖ ಅರಳಿತು. ಹಾಗಾದರೆ ಇಪ್ಪತ್ತೇ ಮಾಡಿ ಅಂದರು.

ನಾನು ಅಲ್ಲಿಯವರೆಗೆ ಬಾಗಿಲ ಹತ್ತಿರ ಸ್ಟೂಲಿನ ಮೇಲೆ ಕೂತಿದ್ದೆ. ಚೌಡಾಪುರದಲ್ಲಿ ಆ ಅಂಚಿನ ಒಳಗೆ ಬೆರಳಾಡಿಸಿದ್ದು ನೆನಪಾಯಿತು. ಸೆರಗಿನ ಅಂಚು ಮಡಿಚಿ ಹೊಲಿದಂತೆ ಅಲ್ಲಿ ತಗಡನ್ನು ಒಳಕ್ಕೆ ಮಡಿಚಿದ್ದರು. ಎದ್ದು ಹೋಗಿ ಹೇಳಿದೆ: “ಹೊರಗಿನ ಅಳತಿ ಇಪ್ಪತ್ತು ಬಂತು ಖರೇ. ಒಳಗ ಮಡಿಕಿ ಅದ ನೋಡ್ರಿ, ಅದು ಒಂದಿಷ್ಟು ಜಾಗಾ ತಿಂತದ. ಮತ್ತ ಈಗ ಗಾಡಿ ಖಾಲಿ ನಿಂತದ. ಮಂದಿ ಕೂತಾಗ ಅಳತಿ ಬ್ಯಾರೆ ಆಗ್ತದ. ಕೈ ಕೆಳಗ ಬಿಟ್ಟ ನಿಂತಾಗ ಸರಿ ಇದ್ದ ಜಂಪರ ಕೈ ಎತ್ತಿದ್ರ ಹಿಡಿತದ್ರಿ.”

ಸಾಬರು ಸ್ಕೇಲನ್ನು ಕೆಳಗಿಟ್ಟರು. “ಅಕ್ಕಾರ ಏನ್ ಕೆಲಸಾ ಮಾಡ್ತೀರಿ?”

ನಾನು ಹೇಳಿದೆ. ಅವರು ಬಗ್ಗಿ ತಾವೂ ಒಳಗೆ ಬೆರಳಾಡಿಸಿ ನೋಡಿದರು. ಆಮೇಲೆ ನಮ್ಮವರ ಕಡೆ ತಿರುಗಿ, “ಇವರು ಹೇಳೂದು ಬರಾಬರ್ ಅದ್ರಿ,” ಅಂದರು. ನಮ್ಮವರು ಕಾರಿಗೆ ತುಂಬಲು ಏನಾದರೂ ಭಾರ ತರುತ್ತೇನೆ ಎಂದು ಹೊರಗೆ ಹೋದರು.

ತೊಗರಿ ವ್ಯಾಪಾರಿಗೆ ಆಳಂದದಲ್ಲಿ ಚೀಲಕ್ಕೆ ಬರವೇ? ಪರಿಚಯದವರ ಅಂಗಡಿಯಿಂದ ಎರಡು ಚೀಲ ತೊಗರಿ ಬಂದವು. ಒಂದನ್ನು ಡಿಕ್ಕಿಯಲ್ಲಿ ಹೇಗೋ ತುರುಕಿದೆವು, ಇನ್ನೊಂದನ್ನು ನನ್ನ ಸೀಟಿನಲ್ಲಿ ಕೂರಿಸಿದೆವು. ನಮ್ಮವರು ಸ್ಟೇರಿಂಗ್ ಹಿಡಿದು ಕೂತರು. ಕಾರಿನ ಹಿಂಭಾಗ ಕುಗ್ಗಿ, ಟೈರಿನ ತಲೆ ತಗಡಿನ ಒಳಗೆ ಹೋಯಿತು. ಒಂದು ಹಿಂದಿನ ಗಾಲಿಯನ್ನು ಕಲ್ಲುಚಪ್ಪಡಿಯ ಮೇಲೆ ಹತ್ತಿಸಿದಾಗ ಇನ್ನೂ ಒಳಗೆ ಹೋಯಿತು. ಈಗ ಮಡಿಕೆಗೂ ಟೈರಿಗೂ ನಡುವಿನ ಸಂದಿಗೆ ಸ್ಕೇಲನ್ನು ಅಡ್ಡ ಹಿಡಿದು ಅಳೆಯಲು ಬರುತ್ತಿರಲಿಲ್ಲ. ಸಾಬರು ಯೋಚಿಸುತ್ತ ನಿಂತಾಗ ಒಳಗಿನಿಂದ ಅವರ ಹೆಂಡತಿ ಇಣುಕಿ, ಏನಾಗಬೇಕೆಂದು ಕೇಳಿ ತಿಳಿದುಕೊಂಡರು. ಚಪಾತಿಗೆ ನಾದಿಟ್ಟ ಕಣಕದ ದೊಡ್ಡ ಉಂಡೆಯನ್ನೇ ತಂದು ಕೊಟ್ಟರು. ಅದನ್ನು ಆ ಸಂದಿನಲ್ಲಿ ಒತ್ತಿ ತುಂಬಿ, ಆಕಾರ ಕೆಡದಂತೆ ನಾನು ಎರಡು ಬೆರಳಿನಲ್ಲಿ ಮೆಲ್ಲಗೆ ಎಳೆದು ತೆಗೆದೆ. ಇನ್ನೊಂದು ಗಾಲಿಗೂ ಹಾಗೆಯೇ ಮಾಡಿದ ಮೇಲೆ ಸಾಬರು ಎರಡೂ ಕಣಕದ ದಪ್ಪ ಅಳೆದರು. ಬಲಗಡೆ ಹದಿನೇಳು, ಎಡಗಡೆ ಹದಿನೈದು.

ಎರಡು ಕಡೆ ಒಂದೇ ಯಾಕಿಲ್ಲ ಎಂದು ನಮ್ಮವರು ಕಾರಿನೊಳಗಿಂದಲೇ ಕೇಳಿದರು. ಯಾರ ಎರಡು ಭುಜವೂ ಸಮ ಇರುವುದಿಲ್ಲ ಎಂದೆ. ಸಾಬರು ನಕ್ಕರು. ಚಿಕ್ಕ ಅಳತೆ ಹಿಡಿದು, ತಿರುವಿನಲ್ಲಿ ಟೈರು ವಾಲುವುದಕ್ಕೆ ಮೂರು ಬಿಟ್ಟು, ಹನ್ನೆರಡು ಎಂದು ತೀರ್ಮಾನಿಸಿದರು. ಮುಂದಿನ ಗಾಲಿಗೂ ಒಂದೊಂದು ಹಾಕುವಿರಾ ಎಂದು ನಮ್ಮವರು ಆಸೆಯಿಂದ ಕೇಳಿದರು. ಅವು ಸ್ಟೇರಿಂಗಿನ ಜೊತೆ ತಿರುಗುವ ಗಾಲಿ, ಅಲ್ಲಿ ಜಾಗವಿಲ್ಲ ಎಂದು ಅವರು ಒಪ್ಪಲಿಲ್ಲ.

ಇನ್ನೊಂದು ವಿಷಯ ಉಳಿದಿತ್ತು. ಸಾಬರು ಒಂದು ಬೋಲ್ಟನ್ನು ಕೈಯಿಂದಲೇ ತಿರುಗಿಸಿ, ಎಷ್ಟು ಸುತ್ತು ಒಳಗೆ ಹೋಗುತ್ತದೆಂದು ಎಣಿಸಲು ನನಗೆ ಹೇಳಿದರು. ಒಂಬತ್ತು. ನಡುವೆ ಹನ್ನೆರಡು ಮಿಲಿಮೀಟರಿನ ತಟ್ಟೆ ಬಂದರೆ ಒಂದೇ ಸುತ್ತು ಉಳಿಯುತ್ತದೆ ಅಂದರು. ಒಂದು ಸುತ್ತಿನ ಮೇಲೆ ಗಾಲಿ ನಿಲ್ಲುವುದಿಲ್ಲ, ತಟ್ಟೆಯ ದಪ್ಪದಷ್ಟೇ ಉದ್ದ ಹೆಚ್ಚಿರುವ ಬೋಲ್ಟು ಬೇಕು. ನೀವೇ ಕಡೆದು ಕೊಡಿ ಎಂದು ನಮ್ಮವರು ಕೇಳಿದರು.

“ಬೋಲ್ಟ್ ನಾ ಮಾಡಂಗಿಲ್ರಿ,” ಅಂದರು ಸಾಬರು. “ತಟ್ಟಿ ನನ್ನ ಕೈಯಾಗಿನ ಕೆಲಸ. ಬೋಲ್ಟ್ ಕಂಪನಿದೇ ಬೇಕು. ಅದರ ಮ್ಯಾಲ ನೀವಿಬ್ರೂ ಕೂತಿರ್ತೀರಿ.”

ಬೋಲ್ಟುಗಳು ಸೊಲ್ಲಾಪುರದಿಂದ ಬರಲು ಒಂದು ವಾರ ಹಿಡಿಯಿತು. ಆ ವಾರ ನಮ್ಮವರು ಒಮ್ಮೆಯೂ ಅವಸರ ಮಾಡಲಿಲ್ಲ. ಒಂದು ಮಧ್ಯಾಹ್ನ ನನ್ನ ಅಂಗಡಿಗೆ ಬಂದು ಕೂತು, ಒಬ್ಬ ಹೆಣ್ಣುಮಗಳ ಅಳತೆ ತೆಗೆಯುತ್ತ ನಾನು ಹೇಳುತ್ತಿದ್ದುದನ್ನು ಪುಸ್ತಕದಲ್ಲಿ ತಾವೇ ಬರೆದುಕೊಂಡರು. ಮದುವೆಯಾದ ಮೇಲೆ ಅದೇ ಮೊದಲು. ಬರೆದ ಅಕ್ಷರ ಓದಲು ಬರುತ್ತಿರಲಿಲ್ಲ, ಆದರೂ ಆ ಹಾಳೆ ನಾನು ಹರಿದಿಲ್ಲ.

ಮುಂದಿನ ವಾರ ಆಳಂದಕ್ಕೆ ಹೋದಾಗ ತಟ್ಟೆಗಳು ತಯಾರಿದ್ದವು. ಹಬ್ಬಿನ ಮೇಲಿಟ್ಟು ಅಂಗೈಯಿಂದ ಒತ್ತಿದಾಗ ಡಬ್ಬಿಯ ಮುಚ್ಚಳ ಕೂತಂತೆ ಕೂತವು. ಉದ್ದದ ಬೋಲ್ಟನ್ನು ನಾನೇ ಎಣಿಸಿದೆ, ಮತ್ತೆ ಒಂಬತ್ತು ಸುತ್ತು. ನೂರು ಕಿಲೋಮೀಟರ್ ಓಡಿಸಿದ ಮೇಲೆ ಒಮ್ಮೆ ನಿಲ್ಲಿಸಿ ಬೋಲ್ಟುಗಳನ್ನೆಲ್ಲ ಬಿಗಿ ಮಾಡಿಕೊಳ್ಳಿ, ಮರೆಯಬೇಡಿ ಎಂದು ಸಾಬರು ಎರಡು ಸಲ ಹೇಳಿ ಕಳಿಸಿದರು.

ಮಗುವನ್ನು ನೋಡಿಕೊಂಡೇ ಊರಿಗೆ ಹೋಗೋಣವೆಂದು ಕಲಬುರಗಿ ದಾಟಿ ಜೇವರ್ಗಿಗೆ ಬಂದೆವು. ಸೀಟಿನ ಕೆಳಗೆ ನಡುಕವಿಲ್ಲ, ಬ್ರೇಕರಿನಲ್ಲಿ ಸದ್ದಿಲ್ಲ. ಅಣ್ಣನ ಮನೆಯಲ್ಲಿ ಚಹಾ ಕುಡಿದೆವು, ಮಗುವನ್ನು ಎತ್ತಿಕೊಂಡೆವು. ಆದರೆ ನೂರು ತುಂಬಿರಲಿಲ್ಲ. ಅದೊಂದೇ ಕಾರಣಕ್ಕೆ ನಮ್ಮವರು ಅಂದೋಲಾದ ದಾರಿ ಹಿಡಿದರು. ಅಲ್ಲಿಯ ಮಠದ ದರ್ಶನವೂ ಆಗುತ್ತದೆ ಎಂದು ನಾನೂ ಒಪ್ಪಿದೆ. ಅಂದೋಲಾ ಹತ್ತಿರ ಬಂದಾಗ ನೂರು ತುಂಬಿತು. ರಸ್ತೆಯ ಪಕ್ಕ ನಿಲ್ಲಿಸಿ, ಪಾನಾ ತೆಗೆದು, ಬಿಳಿ ಪ್ಯಾಂಟಿನಲ್ಲೇ ಮಣ್ಣಿನ ಮೇಲೆ ಕೂತು ಅವರು ಬೋಲ್ಟು ಬಿಗಿ ಮಾಡತೊಡಗಿದರು. ನಾನು ನೆರಳಿಗಾಗಿ ಸೆರಗು ಹಿಡಿದು ನಿಂತೆ.

ನೋಡಿದವರೆಲ್ಲ ಗಾಡಿ ಕೆಟ್ಟಿದೆ ಎಂದೇ ತಿಳಿದರು. ಬೈಕಿನವನೊಬ್ಬ ಪಂಕ್ಚರ್ ಅಂಗಡಿಯ ದಾರಿ ತೋರಿಸಿದ. ತಲೆಯ ಮೇಲೆ ಮೇವು ಹೊತ್ತ ಹೆಣ್ಣುಮಗಳು ನಿಂತು, ನೀರು ಬೇಕೇ ಎಂದು ನನ್ನನ್ನು ಕೇಳಿದಳು. ಆಮೇಲೆ ಟ್ರ್ಯಾಕ್ಟರಿನ ರೈತರೊಬ್ಬರು ಹಗ್ಗ ಹಿಡಿದುಕೊಂಡೇ ಇಳಿದರು. ಕೆಟ್ಟಿಲ್ಲ, ಗಾಲಿ ಹೊರಗೆ ತಂದಿದ್ದೇವೆ, ಬಿಗಿ ಮಾಡುತ್ತಿದ್ದೇವೆ ಎಂದು ನಮ್ಮವರು ವಿವರಿಸಿದರು. ರೈತರು ಬಗ್ಗಿ ನೋಡಿದರು.

“ನಾವೂ ಟ್ರ್ಯಾಕ್ಟರ್ ಗಾಲಿ ಹೊರಗ ತರ್ತೀವ್ರಿ, ತೊಗರಿ ಸಾಲು ತುಳೀಬಾರ್ದು ಅಂತ,” ಅಂದರು. “ನೀವು ಯಾಕ ತಂದ್ರಿ?”

ನಮ್ಮವರು ಪಾನಾ ಕೆಳಗಿಟ್ಟು ನನ್ನ ಕಡೆ ನೋಡಿದರು. ಆಮೇಲೆ, “ಚಂದ ಕಾಣಲಿ ಅಂತ್ರಿ,” ಅಂದರು.

ರೈತರು ನಾಲ್ಕು ಹೆಜ್ಜೆ ಹಿಂದೆ ಸರಿದು, ತಲೆ ವಾಲಿಸಿ ಕಾರನ್ನು ಹಿಂದಿನಿಂದ ನೋಡಿದರು. ಚೆನ್ನಾಗೇ ಕಾಣುತ್ತದೆ ಎಂದು ಹೇಳಿ, ಹಗ್ಗ ಸುತ್ತಿಕೊಂಡು ಟ್ರ್ಯಾಕ್ಟರ್ ಹತ್ತಿ ಹೋದರು. ನಮ್ಮವರು ಉಳಿದ ಎರಡು ಬೋಲ್ಟು ಬಿಗಿ ಮಾಡಿ ಎದ್ದು, ಪ್ಯಾಂಟಿನ ಮಣ್ಣು ಕೊಡವಿಕೊಂಡರು. ಮಠಕ್ಕೆ ಹೋಗಿ, ಕೈಮುಗಿದು, ಪ್ರಸಾದ ಉಂಡು, ಬಿಸಿಲು ಇಳಿಯುವ ಮೊದಲೇ ಅಫಜಲಪುರದ ದಾರಿ ಹಿಡಿದೆವು.