ಹೊಂಗೆಮರದ ಕೆಳಗೆ ಪಾಪನಿವೇದನೆ

ಮಗ್ಗದವರಿಗೆ ಮೆಲ್ಲಗೆ ಮಾತಾಡಲು ಬರುವುದಿಲ್ಲ. ದೊಡ್ಡಬಳ್ಳಾಪುರದ ನಮ್ಮ ಬೀದಿಯ ತುಂಬ ಪವರ್‌ಲೂಮ್. ಅದರ ಸದ್ದಿನಲ್ಲಿ ಅಷ್ಟು ವರ್ಷ ಕಿರುಚಿ ಮಾತಾಡಿದ ಮೇಲೆ ನನ್ನ ಪಿಸುಮಾತೂ ಎದುರುಮನೆಗೆ ಕೇಳಿಸುತ್ತದೆ. ಚರ್ಚಿನಲ್ಲಿ ಇದೊಂದು ದೊಡ್ಡ ಫಜೀತಿ. ಪಾಪನಿವೇದನೆಗೆ ಮಂಡಿಯೂರಿದರೆ ನಮ್ಮ ಪಾಪವೆಲ್ಲ ಹಿಂದೆ ಸಾಲಿನಲ್ಲಿ ನಿಂತವರ ಕಿವಿಗೆ ಬೀಳುತ್ತಿತ್ತು. ಹೊಸದಾಗಿ ಬಂದ ಫಾದರ್ ಮೊದಲ ವಾರವೇ ಇದನ್ನು ಗಮನಿಸಿ, ಚರ್ಚಿನ ಹಿಂದಿನ ಹೊಂಗೆಮರದ ಕೆಳಗೆ ಎರಡು ಕುರ್ಚಿ ಹಾಕಿಸಿದರು. ಅವರ ಮೇಲೆ ನನಗೆ ಗೌರವ ಹುಟ್ಟಿದ್ದು ಅವತ್ತೇ.

ಅವರು ಬೆಂಗಳೂರಿನಲ್ಲಿ ಪಾದ್ರಿಗಳಾಗುವವರು ಓದುವ ಗುರುಮಠದಲ್ಲಿ ಬಹುಕಾಲ ನೈತಿಕ ದೈವಶಾಸ್ತ್ರ ಕಲಿಸಿದವರು. ಯಾವುದು ಪಾಪ, ಎಷ್ಟು ಪಾಪ ಎಂದು ತೂಗಿ ಹೇಳುವ ವಿದ್ಯೆ ಇರಬೇಕು ಅದು ಅಂದುಕೊಂಡು ನಾವೆಲ್ಲ ಹೆದರಿದ್ದೆವು. ಆದರೆ ಅವರು ಪಾಪದ ಪಟ್ಟಿ ಓದಿದವರೇ ಅಲ್ಲ. ನಡತೆಯ ಪಾಠ ಒಂದು ಕೋಣೆಯಲ್ಲಿ, ಧ್ಯಾನದ ಪಾಠ ಇನ್ನೊಂದು ಕೋಣೆಯಲ್ಲಿ ಇಟ್ಟು ಕಲಿಸುವ ನಾವೇ ಕೆಡಿಸಿಬಿಟ್ಟೆವು ಎಂದು ಪ್ರಸಂಗದಲ್ಲಿ ನಗುತ್ತಿದ್ದರು. ದೇವರನ್ನು ಪ್ರೀತಿಸುವುದೂ ನೆರೆಯವರ ಜೊತೆ ನೆಟ್ಟಗಿರುವುದೂ ಒಂದೇ ಕೆಲಸ ಎನ್ನುತ್ತಿದ್ದರು. ನಾನು ಮುಂದಿನ ಸಾಲಿನಲ್ಲಿ ಕೂತು ಜೋರಾಗಿ ತಲೆಯಾಡಿಸುತ್ತಿದ್ದೆ.

ಆ ವರ್ಷ ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದಲ್ಲಿ ನಾನೊಂದು ಕೆಟ್ಟ ಕೆಲಸ ಮಾಡಿದೆ. ಪಕ್ಕದ ಮನೆಯಾಕೆ ಮಗಳ ನಿಶ್ಚಿತಾರ್ಥಕ್ಕೆ ನನ್ನಿಂದ ಒಂದು ಸೀರೆ ನೇಯಿಸಿಕೊಂಡಳು. ಅವಳದೂ ನೇಯುವ ಮನೆಯೇ, ಆದರೆ ಅವಳು ಬಯಸಿದ ಅಂಚು ಅವರ ಮಗ್ಗದಲ್ಲಿ ಬರುವುದಿಲ್ಲ. ಸೆರಗಿನ ಹತ್ತಿರ ಎಳೆ ಕಡಿದದ್ದು ನಾನು ನೋಡಲಿಲ್ಲ. ನೋಡುವಷ್ಟರಲ್ಲಿ ಎರಡು ಬೆರಳಗಲ ಜಾಳಾಗಿತ್ತು. ಆ ಜಾಗ ಒಳಮಡಿಕೆಗೆ ಹೋಗುವಂತೆ ಮಡಿಸಿ, “ಏನ್ ಚೆನ್ನಾಗಿ ಬಂದಿದೆ ನೋಡೇ” ಎಂದು ಕೊಟ್ಟುಬಿಟ್ಟೆ. ನನ್ನ ಹೆರಿಗೆಯಲ್ಲಿ ಆಸ್ಪತ್ರೆಯಲ್ಲಿ ನನ್ನ ಜೊತೆಗಿದ್ದವಳು ಅವಳು. ಈಗ ನಿಜ ಹೇಳಿದರೆ ಅವಳನ್ನು ಕಳೆದುಕೊಳ್ಳುತ್ತೇನೆ ಎಂದು ಭಯ. ಅದಕ್ಕೆ ಬದಲಾಗಿ ದಿನಾ ಬೆಳಿಗ್ಗೆ ಅವಳಿಗಾಗಿ ಜಪಸರ ಹೇಳತೊಡಗಿದೆ.

ಹೊಂಗೆಮರದ ಕೆಳಗಿನ ಕುರ್ಚಿಯಲ್ಲಿ ಕೂತು, ಭಾನುವಾರದ ಪೂಜೆ ತಪ್ಪಿಸಿದ್ದು, ಶುಕ್ರವಾರ ಮಾಂಸ ತಿಂದದ್ದು ಎಲ್ಲ ಹೇಳಿ, ಕೊನೆಗೆ ಸೀರೆಯ ಮಾತನ್ನೂ ಗಡಿಬಿಡಿಯಲ್ಲಿ ತುರುಕಿದೆ. ಫಾದರ್ ಮಿಕ್ಕಿದ್ದನ್ನೆಲ್ಲ ಬಿಟ್ಟು ಅದನ್ನೇ ಹಿಡಿದರು.

“ಜಪ ಹೇಳೋವಾಗ ಆ ಸೀರೆ ನೆನಪಾಗುತ್ತೇನಮ್ಮ?”

“ಆಗುತ್ತೆ ಫಾದರ್. ಅದಕ್ಕೇ ಬೇಗ ಬೇಗ ಹೇಳಿ ಮುಗಿಸ್ಬಿಡ್ತೀನಿ.”

ಅವರು ನಗಲಿಲ್ಲ. “ಹಾಗಾದ್ರೆ ಇದೇ ನಿಮ್ಮ ಪ್ರಾಯಶ್ಚಿತ್ತ. ನಾಳೆ ಒಂದೇ ಒಂದು ಜಪಸರ, ನಿಧಾನಕ್ಕೆ. ಸೀರೆ ನೆನಪಾದ ಮಣಿ ಹತ್ರ ನಿಲ್ಸಿ. ಅದಕ್ಕೆ ಏನು ಮಾಡ್ಬೇಕೋ ಮಾಡಿ ಬಂದು ಮಿಕ್ಕಿದ್ದು ಹೇಳಿ.”

ನನಗೆ ಮೈಯೆಲ್ಲ ಉರಿಯಿತು. ಐವತ್ತು ಸಲ ನಮೋ ಮರಿಯಾ ಜಪ ಹೇಳಿ ಎಂದಿದ್ದರೆ ಮನೆಗೆ ಹೋಗುವ ಬಸ್ಸಿನಲ್ಲೇ ಮುಗಿಸುತ್ತಿದ್ದೆ. ಈಗ ನೆನೆದರೆ ಆ ಮನುಷ್ಯನಿಗೆ ಕೈಮುಗಿಯಬೇಕು ಅನ್ನಿಸುತ್ತದೆ. ಅಷ್ಟು ವರ್ಷ ಓದಿದ್ದನ್ನೆಲ್ಲ ನನಗಾಗಿ ಒಂದು ಮಣಿಯಷ್ಟು ಮಾಡಿ ಕೊಟ್ಟಿದ್ದರು.

ಮರುದಿನ ನಾಲ್ಕನೆಯ ಮಣಿಗೇ ನಿಂತೆ. ಜಪಸರ ಕೈಯಲ್ಲಿ ಹಿಡಿದುಕೊಂಡೇ ಪಕ್ಕದ ಮನೆಗೆ ಹೋದೆ. ಅವಳು ಅವರೆಕಾಯಿ ಬಿಡಿಸುತ್ತಿದ್ದಳು. ಎಲ್ಲ ಹೇಳಿದೆ. ನಿಶ್ಚಿತಾರ್ಥಕ್ಕೆ ಇನ್ನೂ ಎಂಟು ದಿನ ಇದೆ, ಬೇರೆ ನೇಯ್ದು ಕೊಡ್ತೀನಿ ಅಂದೆ.

“ತಂದ ದಿನಾನೇ ಗೊತ್ತಾಯ್ತು ಕಣಕ್ಕ,” ಎಂದಳು ತಲೆಯೆತ್ತದೆ. “ನೇಯೋರ ಕೈಗೆ ಗೊತ್ತಾಗಲ್ವಾ?”

“ಮತ್ತೆ ಬಂದು ನನ್ನ ಮುಖಕ್ಕೆ ಉಗೀಬಾರ್ದಾಗಿತ್ತೇನೇ?”

“ಎರಡು ಸಲ ಬಂದಿದ್ದೆ. ನೀನು ಕಣ್ಮುಚ್ಕೊಂಡು ಜಪ ಮಾಡ್ತಿದ್ದೆ. ದೇವರ ಹತ್ರ ಇದ್ದೋಳನ್ನ ಹೆಂಗೆ ಎಬ್ಬಿಸೋದು ಅಂತ ವಾಪಸ್ ಬಂದ್ಬಿಟ್ಟೆ.”

ಆ ಎರಡು ದಿನವೂ ನಾನು ಮನಸ್ಸಿನಲ್ಲೇ ಅವಳ ಹೆಸರು ಹೇಳಿ ಅವಳಿಗಾಗಿಯೇ ಪ್ರಾರ್ಥಿಸುತ್ತಿದ್ದೆ.